ಮದುವೆಯಾದರೆ ಕೆಲಸ ಬಿಡಿ! ಗಗನಸಖಿಯರ ಸಂಘಟನೆಯ ಕಥೆ

ಕನ್ನಡ ಪತ್ರಿಕೆಗಳು ನಮಗೆ ಕೊಟ್ಟಿರುವ ಚೆಂದದ ಪದಗಳಲ್ಲಿ 'ಗಗನಸಖಿ' ಎಂಬುದೂ ಒಂದು. 'ಏರ್ ಹೋಸ್ಟೆಸ್' ಎನ್ನುವ ಇಂಗ್ಲಿಷ್ ಮಾತಿನಲ್ಲಿ ಅತಿಥಿ ಸತ್ಕಾರದ ಭಾವವಿದೆ. ನಮ್ಮ ಪದದಲ್ಲಿ ಸ್ನೇಹದ ಭಾವವಿದೆ. ಆದರೆ ಆಕೆ ಸಂಬಳಕ್ಕೆ ದುಡಿಯುವ ಕೆಲಸಗಾರ್ತಿ ಎಂಬ ವಿಷಯ ಎರಡರಲ್ಲಿಯೂ ಇಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಊರಿಗೆ ಹೋಗಿಬರುವ ನಾವೆಲ್ಲ ಇಪ್ಪತ್ತು ಗಂಟೆಗಳ ಕಾಲ ಅವರ ಕೈಯಿಂದ ಕಾಫಿ ಪಡೆದು, 'ಸಸ್ಯಾಹಾರಿ ಊಟ ಅಂತ ಮೊದಲೇ ಹೇಳಿದ್ದೆವಲ್ಲ' ಎಂದು ತಕರಾರು ತೆಗೆದು, ಇಳಿಯುವಾಗ ಥ್ಯಾಂಕ್ಸ್ ಹೇಳಿ ಮರೆತುಬಿಡುತ್ತೇವೆ.

ಇಂದು ಅದೇ ವಿಮಾನದಲ್ಲಿ ಮದುವೆಯಾದವರು, ಮಕ್ಕಳ ತಾಯಂದಿರು, ತಲೆ ನರೆತ ಹಿರಿಯರು, ಗಂಡಸರು ಎಲ್ಲರೂ ಈ ಕೆಲಸ ಮಾಡುವುದನ್ನು ಕಾಣುತ್ತೇವೆ. ಇದು ತಾನಾಗಿ ಆದದ್ದಲ್ಲ. ಮದುವೆಯಾದ ಕೂಡಲೇ, ಬಸುರಾದ ಕೂಡಲೇ, ಮೂವತ್ತೆರಡು ತುಂಬಿದ ಕೂಡಲೇ ಹೆಣ್ಣುಮಕ್ಕಳನ್ನು ಮನೆಗೆ ಕಳಿಸುತ್ತಿದ್ದ ಕಾಲವೊಂದಿತ್ತು. ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿಯೂ, ನಾವು ಬಿಟ್ಟು ಬಂದ ಭಾರತದಲ್ಲಿಯೂ ಆ ನಿಯಮಗಳು ಹೇಗೆ ಹೋದವು ಎಂಬುದು ತಿಳಿಯಬೇಕಾದ ಕಥೆ.

ನರ್ಸುಗಳಿಂದ ಆರಂಭ

ಅಯೋವಾ ರಾಜ್ಯದ ಎಲೆನ್ ಚರ್ಚ್ ಎಂಬ ನರ್ಸ್ ವಿಮಾನ ಹಾರಿಸಲು ಕಲಿತಿದ್ದಳು. ಪೈಲಟ್ ಆಗಬೇಕೆಂಬುದು ಆಕೆಯ ಆಸೆ. ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೆಣ್ಣು ಪೈಲಟ್ ಬೇಕಿರಲಿಲ್ಲ. ಆಗ ಆಕೆ ಬೇರೊಂದು ದಾರಿ ಸೂಚಿಸಿದಳು: ವಿಮಾನದಲ್ಲಿ ನರ್ಸುಗಳಿದ್ದರೆ ಹೆದರುವ ಪ್ರಯಾಣಿಕರಿಗೆ ಧೈರ್ಯ ಬರುವುದಿಲ್ಲವೇ? ಕಂಪನಿ ಪ್ರಯೋಗಕ್ಕೆಂದು ಎಂಟು ಮಂದಿ ನರ್ಸುಗಳನ್ನು ತೆಗೆದುಕೊಂಡಿತು. 1930ರ ಮೇ 15ರಂದು ಎಲೆನ್ ಚರ್ಚ್ ಓಕ್ಲೆಂಡಿನಿಂದ ಶಿಕಾಗೋಗೆ ಹೊರಟಳು. ಪ್ರಯಾಣಿಕರು 14 ಮಂದಿ, ದಾರಿಯಲ್ಲಿ 13 ನಿಲುಗಡೆ, ಒಟ್ಟು 20 ಗಂಟೆಗಳ ಪ್ರಯಾಣ. ನಮ್ಮ ಹಳ್ಳಿಯ ಬಸ್ಸೂ ಇಷ್ಟು ಕಡೆ ನಿಲ್ಲುವುದಿಲ್ಲ!

ತಿಂಗಳಿಗೆ 100 ಗಂಟೆ ಹಾರಾಟಕ್ಕೆ 125 ಡಾಲರ್ ಸಂಬಳ. ಊಟ ಬಡಿಸುವುದಷ್ಟೇ ಅಲ್ಲ, ಸಾಮಾನು ಹೊರುವುದು, ಸಡಿಲವಾದ ಸೀಟುಗಳನ್ನು ಬಿಗಿ ಮಾಡುವುದು ಕೂಡ ಅವರ ಪಾಲಿಗೇ. ಷರತ್ತುಗಳು ಹೀಗಿದ್ದವು: ವಯಸ್ಸು 25 ಮೀರಿರಬಾರದು, ತೂಕ 115 ಪೌಂಡ್ ದಾಟಬಾರದು, ಎತ್ತರ 5 ಅಡಿ 4 ಅಂಗುಲ ಮೀರಬಾರದು, ಮದುವೆಯಾಗಿರಬಾರದು. ಚಿಕ್ಕ ವಿಮಾನಗಳ ಕಾಲದಲ್ಲಿ ತೂಕ, ಎತ್ತರಗಳ ಲೆಕ್ಕಕ್ಕೆ ಏನಾದರೂ ಅರ್ಥವಿತ್ತು ಎನ್ನೋಣ. ಮದುವೆಗೂ ವಿಮಾನದ ಹೊರೆಗೂ ಏನು ಸಂಬಂಧ?

ಸಂಬಂಧವಿದ್ದದ್ದು ಹಣದ ಹೊರೆಗೆ. ಮದುವೆಯಾದ ಕೂಡಲೇ ಕೆಲಸ ಬಿಡಬೇಕೆಂದರೆ ಹುಡುಗಿಯರು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲೇ ಹೊರಟುಹೋಗುತ್ತಾರೆ. ಹೊರಟುಹೋಗುವವರಿಗೆ ಹಿರಿತನದ ಸಂಬಳ ಏರಿಸಬೇಕಾಗಿಲ್ಲ, ಪಿಂಚಣಿಯ ಮಾತೇ ಇಲ್ಲ. ಸಂಘ ಕಟ್ಟುವಷ್ಟು ಕಾಲ ಅವರು ಇರುವುದೂ ಇಲ್ಲ. ಸಂಪ್ರದಾಯದ ಸೀರೆ ಉಡಿಸಿದ ವ್ಯಾಪಾರದ ಲೆಕ್ಕ ಇದು.

ಸಂಘ ಕಟ್ಟಿದಾಕೆಯೂ ಮನೆಗೆ ಹೋದಳು

ಹದಿನೈದು ವರ್ಷ ಕಳೆದರೂ ಸಂಬಳ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಮೇಲ್ವಿಚಾರಕಿಯಾಗಿದ್ದ ಏಡಾ ಬ್ರೌನ್ ಆಡಳಿತ ವರ್ಗದವರಿಗೆ ಹೇಳಿ ಹೇಳಿ ಬೇಸತ್ತಳು. ತನ್ನ ಮೇಲ್ದರ್ಜೆಯ ಹುದ್ದೆಯನ್ನು ಬಿಟ್ಟು, ನಾಲ್ವರು ಗೆಳತಿಯರ ಜೊತೆ 1945ರ ಆಗಸ್ಟ್‌ನಲ್ಲಿ 'ಏರ್ ಲೈನ್ ಸ್ಟೂವರ್ಡೆಸಸ್ ಅಸೋಸಿಯೇಷನ್' ಎಂಬ ಸಂಘವನ್ನು ಕಟ್ಟಿದಳು. ಗಗನಸಖಿಯರ ಮೊದಲ ಕಾರ್ಮಿಕ ಸಂಘ ಇದು. 1946ರಲ್ಲಿ ಮೊದಲ ಒಪ್ಪಂದವಾಯಿತು. ಸಂಬಳ ಏರಿತು, ತಿಂಗಳ ಹಾರಾಟಕ್ಕೆ ಮಿತಿ ಬಂತು, ವಿಶ್ರಾಂತಿಗೆ, ದೂರು ಕೊಡುವುದಕ್ಕೆ ಒಂದು ಕ್ರಮ ಬಂತು, ತಮ್ಮ ಬಗ್ಗೆ ಮೇಲಿನವರು ಕಡತದಲ್ಲಿ ಏನು ಬರೆದಿದ್ದಾರೆಂದು ನೋಡುವ ಹಕ್ಕೂ ಸಿಕ್ಕಿತು.

ಮದುವೆಯ ನಿಯಮ ಮಾತ್ರ ಅಲುಗಲಿಲ್ಲ. 1947ರಲ್ಲಿ ಏಡಾ ಬ್ರೌನ್ ಮದುವೆಯಾದಳು. ಅಲ್ಲಿಗೆ ಆಕೆಯ ಕೆಲಸವೂ ಮುಗಿಯಿತು, ತಾನೇ ಕಟ್ಟಿದ ಸಂಘದಲ್ಲಿ ಆಕೆಯ ಸ್ಥಾನವೂ ಮುಗಿಯಿತು. ನೆಟ್ಟವಳೇ ತೋಟ ಬಿಟ್ಟು ಹೋಗಬೇಕಾದ ಸ್ಥಿತಿ. ಆದರೂ ಗಿಡ ಒಣಗಲಿಲ್ಲ. ಸಂಘ 1949ರಲ್ಲಿ ಪೈಲಟ್‌ಗಳ ಸಂಘದ ಆಶ್ರಯದಲ್ಲಿದ್ದ ಇನ್ನೊಂದು ಸಂಘದೊಡನೆ ಕೂಡಿಕೊಂಡಿತು. ಮುಂದೆ 1973ರಲ್ಲಿ ಪೈಲಟ್‌ಗಳ ನೆರಳಿನಿಂದ ಹೊರಬಂದು 'ಅಸೋಸಿಯೇಷನ್ ಆಫ್ ಫ್ಲೈಟ್ ಅಟೆಂಡೆಂಟ್ಸ್' ಎಂಬ ಸ್ವತಂತ್ರ ಸಂಸ್ಥೆಯಾಯಿತು.

ಅದೇ ನಿಯಮಕ್ಕೆ ಸಿಕ್ಕಿದ ಇನ್ನೊಬ್ಬಾಕೆ ರೂತ್ ಕ್ಯಾರಲ್ ಟೇಲರ್. 1958ರ ಫೆಬ್ರವರಿಯಲ್ಲಿ ಮೋಹಾಕ್ ಏರ್‌ಲೈನ್ಸ್‌ನಲ್ಲಿ ಹಾರಿದ ಆಕೆ ಈ ದೇಶದ ಮೊದಲ ಕಪ್ಪು ಗಗನಸಖಿ. ಬಣ್ಣದ ಗೋಡೆಯನ್ನು ಒಡೆದು ಒಳಗೆ ಬಂದಾಕೆ ಆರೇ ತಿಂಗಳಿಗೆ ಹೊರಗೆ ಹೋಗಬೇಕಾಯಿತು. ಕಾರಣ, ಮದುವೆ.

'ನಮ್ಮಲ್ಲಿ ಮೂವತ್ತೆರಡು ದಾಟಿದವರು ಯಾರು, ಹೇಳಿ!'

1953ರ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿಂದಾಚೆಗೆ ಸೇರುವ ಹೆಣ್ಣುಮಕ್ಕಳು 32 ವರ್ಷಕ್ಕೆ ಹಾರಾಟ ನಿಲ್ಲಿಸಬೇಕೆಂದು ನಿಯಮ ಮಾಡಿತು. ಬೇರೆ ಕೆಲವು ಕಂಪನಿಗಳೂ ಇಂಥದೇ ಮಿತಿಗಳನ್ನು ತಂದವು. ನಮ್ಮಲ್ಲಿ ಎಷ್ಟೋ ಮಂದಿ ಈ ದೇಶಕ್ಕೆ ಬಂದು ಸರಿಯಾದ ಕೆಲಸ ಹಿಡಿದದ್ದೇ ಮೂವತ್ತೆರಡರ ಮೇಲೆ!

1963ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಕೆಲವರು ನ್ಯೂಯಾರ್ಕಿನಲ್ಲಿ ಪತ್ರಿಕಾಗೋಷ್ಠಿ ಕರೆದರು. ಸಾಲಾಗಿ ನಿಂತು ವರದಿಗಾರರಿಗೆ ಒಂದು ಸವಾಲು ಹಾಕಿದರು: ನಮ್ಮಲ್ಲಿ ಮೂವತ್ತೆರಡು ದಾಟಿದವರು ಯಾರು, ದಾಟದವರು ಯಾರು, ನೋಡಿ ಹೇಳಿ. ಹೇಳುವುದು ಸುಲಭವಿರಲಿಲ್ಲ. ಇದರ ಮುಂದಾಳುಗಳಲ್ಲಿ ಒಬ್ಬಾಕೆ 'ಡಸ್ಟಿ' ಎಂದೇ ಹೆಸರಾದ ಬಾರ್ಬರಾ ರೋಡ್ಸ್. ಮರುದಿನದ ಪತ್ರಿಕೆಗಳಲ್ಲಿ ಅವರ ಅಂದಚೆಂದದ ಬಗ್ಗೆ ಮಾತು ಹೆಚ್ಚಿರಬಹುದು, ಆದರೆ ನಿಯಮ ಎಷ್ಟು ಅಸಂಬದ್ಧ ಎಂಬುದು ಊರಿಗೆಲ್ಲ ಗೊತ್ತಾಯಿತು.

1965ರಲ್ಲಿ ಸಂಸತ್ತಿನ ಕಾರ್ಮಿಕ ಉಪಸಮಿತಿಯ ಮುಂದೆ ಸಂಘದ ಅಧ್ಯಕ್ಷೆ ಕಾಲೀನ್ ಬೋಲಂಡ್ ಅಹವಾಲು ಹೇಳಿಕೊಂಡರು. ಸಮಿತಿಯ ಸದಸ್ಯರೊಬ್ಬರು, ಸಮಸ್ಯೆಯ ಗಾತ್ರ ಎಷ್ಟೆಂದು ನೋಡಬೇಕು, ಹೆಣ್ಣುಮಕ್ಕಳೆಲ್ಲ ಒಮ್ಮೆ ಎದ್ದು ನಿಲ್ಲಲಿ ಎಂದು ತಮಾಷೆ ಮಾಡಿದರು! ಹೊಟ್ಟೆಪಾಡಿನ ಪ್ರಶ್ನೆಯನ್ನು ಕಣ್ಣಿಗೆ ಹಬ್ಬವೆಂದು ತಿಳಿದ ಗಂಡಸರ ಎದುರು ತಾಳ್ಮೆ ಕಳೆದುಕೊಳ್ಳದೆ ವಾದ ಮಾಡುವುದೂ ಆ ಹೋರಾಟದ ಒಂದು ಭಾಗವಾಗಿತ್ತು.

ಕಾನೂನು ಕೈಗೆ ಸಿಕ್ಕಾಗ

1964ರ ನಾಗರಿಕ ಹಕ್ಕುಗಳ ಕಾಯ್ದೆ ಕೆಲಸದಲ್ಲಿ ಬಣ್ಣ, ಧರ್ಮ, ಮೂಲದೇಶಗಳ ಜೊತೆಗೆ ಲಿಂಗಭೇದವನ್ನೂ ನಿಷೇಧಿಸಿತು. ಮುಂದಿನ ವರ್ಷದ ಜುಲೈನಲ್ಲಿ ಸಮಾನ ಉದ್ಯೋಗಾವಕಾಶ ಆಯೋಗ ಬಾಗಿಲು ತೆರೆಯುತ್ತಲೇ ಮೊದಲು ಬಂದ ದೂರುಗಳಲ್ಲಿ ಗಗನಸಖಿಯರದೂ ಇದ್ದವು. ಡಸ್ಟಿ ರೋಡ್ಸ್ ಅವರೂ ಅಲ್ಲಿದ್ದರು. 1968ರಲ್ಲಿ ಆಯೋಗ, ಮದುವೆಯ ನಿಯಮವೂ ವಯಸ್ಸಿನ ನಿಯಮವೂ ಕಾನೂನಿಗೆ ವಿರುದ್ಧವೆಂದು ಹೇಳಿತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಎರಡನ್ನೂ ಕೈಬಿಟ್ಟಿತು.

1971ರಲ್ಲಿ ಎರಡು ಮುಖ್ಯ ತೀರ್ಪುಗಳು ಬಂದವು. 1966ರಲ್ಲಿ ಮದುವೆಯಾದ ಕಾರಣಕ್ಕೆ ಕೆಲಸ ಕಳೆದುಕೊಂಡ ಮೇರಿ ಸ್ಪ್ರೋಗಿಸ್ ಪರವಾಗಿ ಶಿಕಾಗೋದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಮದುವೆಯಾದ ಗಂಡಸರನ್ನು ಮುಟ್ಟದ ನಿಯಮ ಹೆಂಗಸರಿಗೆ ಮಾತ್ರ ಹೇಗೆ ಎಂಬುದು ಪ್ರಶ್ನೆಯಾಗಿತ್ತು. ಇನ್ನೊಂದು ಮೊಕದ್ದಮೆ ಸೇಲಿಯೋ ಡಿಯಾಜ್ ಎಂಬ ಗಂಡಸಿನದು. ಪ್ಯಾನ್ ಆಮ್ ಆತನಿಗೆ ಈ ಕೆಲಸ ಕೊಡಲಿಲ್ಲ. ಪ್ರಯಾಣಿಕರ ಆತಂಕ ಶಮನ ಮಾಡುವುದು ಹೆಂಗಸರಿಗೇ ಚೆನ್ನಾಗಿ ಬರುತ್ತದೆ ಎಂಬುದು ಕಂಪನಿಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ವಿಮಾನ ಸಂಸ್ಥೆಯ ಮೂಲ ಕೆಲಸ ಜನರನ್ನು ಸುರಕ್ಷಿತವಾಗಿ ಸಾಗಿಸುವುದು, ಮನಸ್ಸಿಗೆ ಹಿತ ಕೊಡುವುದು ಆಮೇಲಿನದು ಎಂದಿತು. ಈ ಕೆಲಸದ ಅರ್ಥವೇ ಅಂದಿನಿಂದ ಬದಲಾಯಿತು. 'ಸ್ಟೂವರ್ಡೆಸ್' ಹೋಗಿ 'ಫ್ಲೈಟ್ ಅಟೆಂಡೆಂಟ್' ಎಂಬ ಹೆಸರು ನೆಲೆಯೂರಿತು.

ಗೆಲುವು ಒಂದೇ ದಿನ ಬರಲಿಲ್ಲ. ಒಂದೇ ಕೆಲಸಕ್ಕೆ ಗಂಡಸರಿಗಿಂತ ಕಡಿಮೆ ಸಂಬಳವೆಂದು ಮೇರಿ ಪ್ಯಾಟ್ ಲಾಫೀ ಮತ್ತು ಸಂಗಡಿಗರು ನಾರ್ತ್‌ವೆಸ್ಟ್ ಏರ್‌ಲೈನ್ಸ್ ಮೇಲೆ 1970ರಲ್ಲಿ ಹೂಡಿದ ದಾವೆಗೆ 1973ರಲ್ಲಿ ತೀರ್ಪು ಬಂದರೂ ಹಣ ಕೈಸೇರಿದ್ದು 1985ರಲ್ಲಿ. ಬಸುರಿನ ನಿಯಮಗಳು, ತೂಕದ ಯಂತ್ರಗಳು ಇನ್ನೂ ಹಲವು ವರ್ಷ ಕಾಡಿದವು.

ಇತ್ತ ನಮ್ಮ ಭಾರತದಲ್ಲಿ

ಏರ್ ಇಂಡಿಯಾ ಆಗ ಸರ್ಕಾರದ ಸಂಸ್ಥೆ. ಅಲ್ಲಿಯ ನಿಯಮದ ಪ್ರಕಾರ ಗಗನಸಖಿ 35 ವರ್ಷಕ್ಕೆ ನಿವೃತ್ತಳಾಗಬೇಕು. ಅಥವಾ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಹೋಗಬೇಕು. ಅಥವಾ ಮೊದಲ ಬಸುರಿಗೇ ಹೋಗಬೇಕು. ಯಾವುದು ಮೊದಲೋ ಅದು. 35ರ ನಂತರ 45ರವರೆಗೆ ಅವಧಿ ವಿಸ್ತರಿಸುವುದು ವ್ಯವಸ್ಥಾಪಕ ನಿರ್ದೇಶಕರ ಮರ್ಜಿಗೆ ಬಿಟ್ಟದ್ದು. ಅದೇ ವಿಮಾನದಲ್ಲಿ ದುಡಿಯುತ್ತಿದ್ದ ಗಂಡಸರಿಗೆ ನಿವೃತ್ತಿಯ ವಯಸ್ಸು 58.

ನರ್ಗೇಶ್ ಮೀರ್ಜಾ ಮತ್ತು ಇತರರು ಇದನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1981ರ ಆಗಸ್ಟ್ 28ರಂದು. ಮೊದಲ ಬಸುರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ ಅವರು ಕಟುವಾದ ಮಾತುಗಳಲ್ಲಿ ಖಂಡಿಸಿ ರದ್ದು ಮಾಡಿದರು. ನಿರ್ದೇಶಕರ ಅಂಕೆಯಿಲ್ಲದ ಅಧಿಕಾರವೂ ಹೋಯಿತು. ಆದರೆ ನಾಲ್ಕು ವರ್ಷ ಮದುವೆ ಕೂಡದೆಂಬ ನಿಯಮವನ್ನು ಕೋರ್ಟು ಎತ್ತಿಹಿಡಿಯಿತು. ಹುಡುಗಿಯರ ಬುದ್ಧಿ ಬಲಿಯುವುದಕ್ಕೂ ಕುಟುಂಬ ಯೋಜನೆಗೂ ಅದು ಒಳ್ಳೆಯದೇ ಎಂದಿತು. ಗಂಡಸರದೂ ಹೆಂಗಸರದೂ ಬೇರೆ ಬೇರೆ ವರ್ಗ, ಆದ್ದರಿಂದ ಹೋಲಿಕೆಯೇ ಸಲ್ಲದು ಎಂದೂ ಹೇಳಿತು. ಅಮೆರಿಕದಲ್ಲಿ ಹತ್ತು ವರ್ಷ ಹಿಂದೆಯೇ ಬಿದ್ದುಹೋಗಿದ್ದ ಗೋಡೆ ನಮ್ಮಲ್ಲಿ ಅರ್ಧ ಮಾತ್ರ ಬಿತ್ತು.

ಇಲ್ಲಿ ನಮ್ಮ ಕೊಡಗಿನ ಹೆಣ್ಣುಮಗಳೊಬ್ಬರನ್ನು ನೆನೆಯದೆ ಇರಲಾಗದು. ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಅಲ್ಲಿಯೂ ಇದೇ ಜಾತಿಯ ನಿಯಮವಿತ್ತು: ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೊಡಬೇಕು. ಬಡ್ತಿ ತಪ್ಪಿದಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ತಾರತಮ್ಯವನ್ನು ಬಲವಾಗಿ ಟೀಕಿಸಿ, ನಿಯಮಗಳನ್ನೆಲ್ಲ ಮರುಪರಿಶೀಲಿಸಬೇಕೆಂದರು. ರಾಯಭಾರಿಯೇ ಇರಲಿ, ಗಗನಸಖಿಯೇ ಇರಲಿ, ಹೆಣ್ಣಿನ ಮದುವೆ ಮಾಲೀಕರ ವಿಷಯ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲ ಅದು.

ಮುಂದಿನ ಕಥೆ ಇನ್ನೂ ತೊಡಕಿನದು. 1989ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೆಂಗಸರಿಗೂ ನಿವೃತ್ತಿ 58ಕ್ಕೇ ಎಂದು ನಿರ್ದೇಶನ ಕೊಟ್ಟಿತು. ಆದರೆ ಹಾರಾಟಕ್ಕೆ ಮಾತ್ರ ಬೇರೆ ಮಿತಿ ಉಳಿಯಿತು, ಮೊದಲು 45, ಮುಂದೆ 50. ಆಮೇಲೆ ನೆಲದ ಕೆಲಸ. ಗಂಡಸರು 58ರವರೆಗೂ ಹಾರಬಹುದಿತ್ತು. ಹಿರಿಯ ಗಗನಸಖಿಯರು ಪ್ರಶ್ನಿಸಿದಾಗ, ಅವರ ಎದುರು ನಿಂತದ್ದು ಆಡಳಿತ ವರ್ಗ ಮಾತ್ರವಲ್ಲ, ಸಿಬ್ಬಂದಿಯ ಸಂಘವೇ! 2003ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಸಂಘದೊಡನೆ ಆದ ಒಪ್ಪಂದಗಳನ್ನೂ ಗಣನೆಗೆ ತೆಗೆದುಕೊಂಡು, 50ರ ಮಿತಿಯನ್ನು ಎತ್ತಿಹಿಡಿಯಿತು. ವಿಮಾನದೊಳಗಿನ ಮೇಲ್ವಿಚಾರಕರ ಹುದ್ದೆಯನ್ನು ಹೆಂಗಸರಿಗೆ ತೆರೆದ 2005ರ ಆದೇಶಕ್ಕೂ ಗಂಡಸರು ತಡೆ ಕೇಳಿದರು. 2011ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೆಂಗಸರ ಪರವಾಗಿ ಹೇಳಿದ ಮೇಲೆ ಆ ಜಗಳ ಮುಗಿಯಿತು.

ಎರಡು ದೇಶಗಳ ಕಥೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ಒಂದು ಮಾತು ಹೊಳೆಯುತ್ತದೆ. ಸಂಘ ಇದ್ದರೆ ಸಾಲದು, ಅದರೊಳಗೆ ಯಾರ ಮಾತು ನಡೆಯುತ್ತದೆ ಎಂಬುದೂ ಮುಖ್ಯ. ಅಮೆರಿಕದಲ್ಲಿ ಸಂಘ ಕಟ್ಟಿದವರೂ ನಡೆಸಿದವರೂ ಅನ್ಯಾಯಕ್ಕೆ ಸಿಕ್ಕಿದ ಹೆಣ್ಣುಮಕ್ಕಳೇ. ಅಲ್ಲಿ ಕಾನೂನೂ ಸಂಘವೂ ಒಂದೇ ಬಂಡಿಗೆ ಹೂಡಿದ ಎರಡು ಎತ್ತುಗಳಂತೆ ಎಳೆದವು. ನಮ್ಮಲ್ಲಿ ಎತ್ತುಗಳು ಎದುರುಬದುರಾದವು.

ಸೋಲು, ಗೆಲುವು

ಹಾಗೆಂದು ಅಮೆರಿಕದ ಸಂಘಗಳು ಸದಾ ಗೆದ್ದವೆಂದಲ್ಲ. ಇಲ್ಲಿ ವಿಮಾನ ನೌಕರರಿಗೆ ಅನ್ವಯಿಸುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ. 1936ರಲ್ಲಿ ವಿಮಾನಗಳಿಗೂ ಅದನ್ನು ವಿಸ್ತರಿಸಿದರು. ಮಾತುಕತೆ ಮುರಿಯಿತೆಂದು ನಾಳೆಯೇ ಮುಷ್ಕರ ಹೂಡುವಂತಿಲ್ಲ. ಸಂಧಾನ ಮಂಡಳಿ ಬಿಡುಗಡೆ ಕೊಡಬೇಕು, ಆಮೇಲೆ 30 ದಿನ ಕಾಯಬೇಕು. 1986ರಲ್ಲಿ ಟಿ.ಡಬ್ಲ್ಯು.ಎ. ಕಂಪನಿಯ ಗಗನಸಖಿಯರು ಮುಷ್ಕರ ಹೂಡಿದಾಗ ಕಂಪನಿ ಅವರ ಜಾಗಕ್ಕೆ ಹೊಸಬರನ್ನು ತುಂಬಿತು. ವರ್ಷಗಟ್ಟಲೆ ದುಡಿದವರು ಮರಳಿ ಕರೆ ಬರಲೆಂದು ಕಾದು ಕೂತರು. 1989ರಲ್ಲಿ ಸುಪ್ರೀಂ ಕೋರ್ಟು ಕೂಡ ಕಂಪನಿಯ ಪರವಾಯಿತು.

ಆ ಪೆಟ್ಟಿನಿಂದ ಸಂಘಗಳು ಪಾಠ ಕಲಿತವು. 1993ರಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರನಡೆಯುವ ಬದಲು ಇವತ್ತು ಈ ವಿಮಾನ, ನಾಳೆ ಆ ವಿಮಾನ ಎಂದು ಮುನ್ಸೂಚನೆಯಿಲ್ಲದೆ ಬೆರಳೆಣಿಕೆಯ ಹಾರಾಟಗಳನ್ನು ಮಾತ್ರ ನಿಲ್ಲಿಸಿದರು. ಯಾವುದು ನಿಲ್ಲುವುದೋ ತಿಳಿಯದ ಪ್ರಯಾಣಿಕರು ಬೇರೆ ಕಂಪನಿಗಳ ಟಿಕೆಟ್ ಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊಸ್ತಿಲಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಸುಮಾರು 21,000 ಮಂದಿಯ ಸಂಘ ಮುಷ್ಕರ ಹೂಡಿತು. ಐದನೆಯ ದಿನ ಅಧ್ಯಕ್ಷ ಕ್ಲಿಂಟನ್ ನಡುವೆ ಬಂದು ಮಧ್ಯಸ್ಥಿಕೆಗೆ ಒಪ್ಪಿಸಿದರು.

ನಮಗೂ ಸಿಕ್ಕ ಲಾಭ

ವಿಮಾನದಲ್ಲಿ ಪಕ್ಕದವರ ಸಿಗರೇಟಿನ ಹೊಗೆ ಕುಡಿಯುತ್ತ ಊರಿಗೆ ಹೋದ ನೆನಪು ನಮ್ಮ ಹಿರಿಯ ಸದಸ್ಯರಿಗಿದೆ. ನಮಗದು ಒಂದು ರಾತ್ರಿಯ ಕಷ್ಟ. ಸಿಬ್ಬಂದಿಗೆ ಅದು ದಿನನಿತ್ಯದ ಗಾಳಿ. ಅವರ ಸಂಘಗಳು ಪಟ್ಟುಹಿಡಿದದ್ದರಿಂದ 1988ರಲ್ಲಿ ಎರಡು ಗಂಟೆಯೊಳಗಿನ, 1990ರಲ್ಲಿ ಆರು ಗಂಟೆಯೊಳಗಿನ ದೇಶೀಯ ಹಾರಾಟಗಳಲ್ಲಿ, 2000ದಲ್ಲಿ ಅಮೆರಿಕಕ್ಕೆ ಬಂದುಹೋಗುವ ಎಲ್ಲ ಹಾರಾಟಗಳಲ್ಲಿ ಧೂಮಪಾನ ನಿಂತಿತು. ಸಿಗರೇಟನ್ನೇ ಸೇದದೆ ಶ್ವಾಸಕೋಶದ ಕ್ಯಾನ್ಸರಿಗೆ ಗುರಿಯಾದ ನಾರ್ಮಾ ಬ್ರೋಯಿನ್ ಮತ್ತು ಸಂಗಡಿಗರು 1991ರಲ್ಲಿ ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದರು. 1997ರ ರಾಜಿಯಲ್ಲಿ ವೈದ್ಯಕೀಯ ಸಂಶೋಧನೆಗೆಂದು 30 ಕೋಟಿ ಡಾಲರ್ ಸಿಕ್ಕಿತು.

ಪ್ರಾಣದ ಮಾತಂತೂ ಬೇರೆಯೇ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಉಗ್ರರು ಹಿಡಿದ ಪ್ಯಾನ್ ಆಮ್ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸುತ್ತ ಮಡಿದ ನೀರಜಾ ಭಾನೋಟ್‌ಗೆ 23 ತುಂಬಲು ಎರಡೇ ದಿನ ಉಳಿದಿತ್ತು. 2001ರ ಸೆಪ್ಟೆಂಬರ್ 11ರಂದು ನಾಲ್ಕು ವಿಮಾನಗಳಲ್ಲಿ ಈ ವೃತ್ತಿಯ 25 ಮಂದಿ ಸತ್ತರು; ವಿಮಾನ ಅಪಹರಣವಾಗಿದೆ ಎಂಬ ಸುದ್ದಿಯನ್ನು ನೆಲಕ್ಕೆ ಮೊದಲು ಮುಟ್ಟಿಸಿದಾಕೆ ಬೆಟ್ಟಿ ಓಂಗ್ ಎಂಬ ಗಗನಸಖಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಜೀವಸಹಿತ ಹೊರಬಂದರು. ಸುರಕ್ಷಿತವಾಗಿ ಸಾಗಿಸುವುದೇ ಮೂಲ ಕೆಲಸವೆಂದು 1971ರಲ್ಲಿ ನ್ಯಾಯಾಲಯ ಹೇಳಿದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೇ?

ಬಾಗಿಲು ಮುಚ್ಚುವವರೆಗೆ ಸಂಬಳವಿಲ್ಲ

ಇಷ್ಟಾದರೂ ಹಳೆಯ ಲೆಕ್ಕದ ಒಂದು ಪದ್ಧತಿ ಉಳಿದುಬಂತು. ಈ ದೇಶದ ಹೆಚ್ಚಿನ ಕಂಪನಿಗಳಲ್ಲಿ ಗಂಟೆಯ ಸಂಬಳ ಶುರುವಾಗುತ್ತಿದ್ದುದು ವಿಮಾನದ ಬಾಗಿಲು ಮುಚ್ಚಿ ಹೊರಟ ಮೇಲೆ. ನಾವು ಉಪ್ಪಿನಕಾಯಿ, ಹಪ್ಪಳ ತುಂಬಿದ ಚೀಲವನ್ನು ಮೇಲೆ ತುರುಕಲು ಒದ್ದಾಡುವಾಗ, ವಯಸ್ಸಾದ ತಂದೆತಾಯಿಯರನ್ನು ಸೀಟಿಗೆ ಕೂರಿಸುವಾಗ ನಮಗೆ ನೆರವಾಗುವ ಆ ಅರ್ಧಮುಕ್ಕಾಲು ಗಂಟೆಗೆ ಅವರಿಗೆ ಬೇರೆ ಕೂಲಿ ಇರುತ್ತಿರಲಿಲ್ಲ. 2022ರಲ್ಲಿ ಡೆಲ್ಟಾ ಅದಕ್ಕೆ ಅರ್ಧ ದರದ ಸಂಬಳ ಕೊಡತೊಡಗಿತು. ಆಗ ಅಲ್ಲಿಯ ಗಗನಸಖಿಯರಿಗೆ ಸಂಘವಿರಲಿಲ್ಲ, ಸಂಘ ಕಟ್ಟುವ ಪ್ರಯತ್ನ ಮಾತ್ರ ನಡೆದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಸಂಘ ಅದನ್ನು ಒಪ್ಪಂದದಲ್ಲಿಯೇ ಬರೆಸಿತು. ಎರಡು ಪಾಳಿಗಳ ನಡುವೆ ಹತ್ತು ಗಂಟೆ ವಿಶ್ರಾಂತಿ ಕಡ್ಡಾಯವೆಂದು 2018ರಲ್ಲಿ ಕಾಯ್ದೆಯಾಗಿ, ಅದು ನಿಯಮವಾಗಿ ಬಂದದ್ದು 2022ರಲ್ಲಿ.

ಪಕ್ಕದ ಕೆನಡಾದಲ್ಲಿ 2025ರ ಆಗಸ್ಟ್ 16ರಂದು ಏರ್ ಕೆನಡಾದ 10,000 ಮಂದಿ ಮುಷ್ಕರ ಹೂಡಿದ್ದರ ಮುಖ್ಯ ಕಾರಣಗಳಲ್ಲಿ ಒಂದು ಈ ಕೂಲಿಯಿಲ್ಲದ ನೆಲದ ದುಡಿಮೆ. ಗಂಟೆಗಳೊಳಗೆ ಸರ್ಕಾರ ಕೆಲಸಕ್ಕೆ ಮರಳುವಂತೆ ಮಾಡಲು ಹೊರಟರೂ ಸಂಘ ಬಗ್ಗಲಿಲ್ಲ. 19ರಂದು ಕಂಪನಿಯೊಡನೆ ಒಪ್ಪಂದವಾಗಿ, ನೆಲದ ಕೆಲಸಕ್ಕೂ ಸಂಬಳವೆಂಬ ಮಾತು ಅದರಲ್ಲಿ ಸೇರಿತು.

ಕೊನೆಯ ಮಾತು

ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಡಿಗ್ರಿಗಳನ್ನು ಕೈಯಲ್ಲಿಟ್ಟುಕೊಂಡು, ಗಂಡನ ವೀಸಾದ ಕಟ್ಟಿಗೆ ಸಿಕ್ಕಿ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿದ್ದರು. ಅವರಲ್ಲಿ ಒಂದು ವರ್ಗಕ್ಕೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ. 'ನಿಯಮ ಹಾಗಿದೆ, ಏನು ಮಾಡೋಣ' ಎನ್ನುವುದು ನಮಗೆ ಅಭ್ಯಾಸವಾಗಿದ್ದ ಮಾತು. ಏಡಾ ಬ್ರೌನ್‌ಳ ಕಾಲದಲ್ಲಿಯೂ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಆಕೆಗೆ ತನ್ನ ಹೋರಾಟದ ಫಲ ದಕ್ಕಲಿಲ್ಲ. ಆಕೆಯ ನಂತರ ಬಂದವರಿಗೆ ದಕ್ಕಿತು. ಜನ ಬದಲಾದರೂ ಸಂಘ ಉಳಿದಿತ್ತು, ಕೇಳುವುದನ್ನು ಅದು ನಿಲ್ಲಿಸಲಿಲ್ಲ.

ಆದ್ದರಿಂದ ವಿಮಾನ ಸಿಬ್ಬಂದಿಯ ಮುಷ್ಕರದ ಸುದ್ದಿ ಬಂದಾಗ ನಮ್ಮ ಟಿಕೆಟ್ಟಿನ ಚಿಂತೆಯ ಜೊತೆಗೆ ಅವರು ಏನು ಕೇಳುತ್ತಿದ್ದಾರೆ ಎಂಬುದನ್ನೂ ಓದಿ ತಿಳಿಯೋಣ. ಮತ್ತೆ ಊರಿಗೆ ಹೊರಟಾಗ, ಸೀಟ್ ಬೆಲ್ಟ್ ಹೇಗೆ ಕಟ್ಟುವುದು, ಬಾಗಿಲು ಎಲ್ಲಿದೆ ಎಂದು ಅವರು ತೋರಿಸುವಾಗ ಹರಟೆ ನಿಲ್ಲಿಸಿ ಎರಡು ನಿಮಿಷ ಅತ್ತ ನೋಡೋಣ. ಅದು ಅವರ ಮೂಲ ಕೆಲಸ. ಕಾಫಿ ಆಮೇಲೆ ಬರುತ್ತದೆ.